ಮೆಚ್ಚಿನ ಬ್ಲಾಗುಗಳ ಪಟ್ಟಿ: ಗಡಿನಾಡಿನ ಕನ್ನಡ ಓದಿಗೆ ಒಂದು ಕೈಪಿಡಿ

ಪರಿಗಿ: ಸ್ವಂತ ಜಾಲತಾಣವುಳ್ಳವರು ತಾವು ಮೆಚ್ಚಿ ಓದುವ ಇತರರ ಬ್ಲಾಗುಗಳ ಹೆಸರುಗಳನ್ನು ಪುಟದ ಒಂದು ಬದಿಯಲ್ಲಿ ಪಟ್ಟಿ ಮಾಡುವುದುಂಟು. ಆ ಬ್ಲಾಗುಗಳಲ್ಲಿ ಹೊಸದಾಗಿ ಪ್ರಕಟವಾದ ಬರಹದ ಶೀರ್ಷಿಕೆಯೂ ಅಲ್ಲಿ ತಾನಾಗಿಯೇ ಮೂಡುವಂತೆ ಮಾಡಬಹುದು. ಈ ಏರ್ಪಾಟಿಗೆ ಬ್ಲಾಗ್‌ರೋಲ್ ಎಂದು ಹೆಸರು. ಕನ್ನಡದಲ್ಲಿ ಇದಕ್ಕೆ ನೆಲೆನಿಂತ ಪದವಿಲ್ಲವಾದ್ದರಿಂದ ಇಲ್ಲಿ ‘ಮೆಚ್ಚಿನ ಪಟ್ಟಿ’ ಎಂದೇ ಕರೆಯಲಾಗಿದೆ. ಪದ ಹೊಸದಾದರೂ ರೂಢಿ ಹೊಸದಲ್ಲ. ನಮ್ಮ ಮಾಸಪತ್ರಿಕೆಗಳ ಕೊನೆಯ ಪುಟಗಳಲ್ಲಿ ‘ಸಾದರ ಸ್ವೀಕಾರ’ ಎಂಬ ತಲೆಬರಹದಡಿ ಕಚೇರಿಗೆ ಬಂದ ಪುಸ್ತಕಗಳ ಹೆಸರು, ಲೇಖಕರು, ಬೆಲೆ, ದೊರೆಯುವ ವಿಳಾಸ ಅಚ್ಚಾಗುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟು ಪಾ.ವೆಂ. ಆಚಾರ್ಯರ ಸಂಪಾದಕತ್ವದಲ್ಲಿ ಬೆಳೆದ ‘ಕಸ್ತೂರಿ’ಯಂತೂ ಬೇರೆಡೆಯ ಒಳ್ಳೆಯ ಬರಹಗಳನ್ನು ಆಯ್ದು ಓದುಗನ ಮುಂದಿಡುವುದನ್ನೇ ತನ್ನ ಕಾಯಕ ಮಾಡಿಕೊಂಡಿತ್ತು.

ಗಡಿಭಾಗದ ಕನ್ನಡಿಗರಿಗೆ ಈ ವಿಷಯ ಬೆಂಗಳೂರಿನವರಿಗಿಂತ ಹೆಚ್ಚು ಮುಖ್ಯವಾದುದು. ಪರಿಗಿ, ಹಿಂದೂಪುರಗಳ ಪಡುವಣಕ್ಕೆ ಮಧುಗಿರಿ, ತೆಂಕಣಕ್ಕೆ ಗೌರಿಬಿದನೂರು. ಆಚೆ ಮಡಕಶಿರಾ, ಅಮರಾಪುರ, ರೊಳ್ಳ, ಗುಡಿಬಂಡೆ, ಅಗಳಿ. ಬಡಗಲಿಗೆ ಕಲ್ಯಾಣದುರ್ಗ, ರಾಯದುರ್ಗ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಸಂತೆ ತೆಲುಗು, ಅರ್ಜಿ ತೆಲುಗು ಇಲ್ಲವೆ ಇಂಗ್ಲಿಷ್. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಸೇರಿಸಿದಾಗಿನಿಂದ, 1956ರ ರಾಜ್ಯ ಪುನರ್ವಿಂಗಡಣೆ ಆ ಗೆರೆಯನ್ನು ಗಟ್ಟಿಗೊಳಿಸಿದಾಗಿನಿಂದ, ಕನ್ನಡದ ಅಚ್ಚಿನ ಪುಟ ಇಲ್ಲಿಗೆ ತಲುಪುವುದು ಗಡಿ ದಾಟಿಯೇ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಪಠ್ಯಪುಸ್ತಕ ಮುಗಿದ ಮೇಲೆ ಮಗು ಏನನ್ನು ಓದಬೇಕೆಂಬುದನ್ನು ಯಾವ ವಿಧಿಯೂ ಹೇಳುವುದಿಲ್ಲ. ಆ ಖಾಲಿ ಜಾಗದಲ್ಲಿಯೇ ಒಬ್ಬ ಶಿಕ್ಷಕನ, ಒಂದು ಸಂಘದ ಅಥವಾ ಒಬ್ಬ ಹಳೆಯ ವಿದ್ಯಾರ್ಥಿಯ ಮೆಚ್ಚಿನ ಪಟ್ಟಿಗೆ ಕೆಲಸವಿದೆ. ಊರಿನಲ್ಲಿ ಕನ್ನಡ ಪುಸ್ತಕದಂಗಡಿ ಇಲ್ಲದಿರಬಹುದು, ಆದರೆ ಫೋನು ಎಲ್ಲ ಮನೆಗಳಲ್ಲೂ ಇದೆ.

ಕನ್ನಡದ ಹಿನ್ನೆಲೆ

ಅಂತರಜಾಲದಲ್ಲಿ ಕನ್ನಡದ ಮೊದಲ ಹೆಜ್ಜೆಗಳಲ್ಲಿ ಡಾ. ಯು.ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ ‘ವಿಶ್ವಕನ್ನಡ’ವನ್ನು ಸ್ಮರಿಸಲೇಬೇಕು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಬಂದು ಕನ್ನಡದ ಬೆರಳಚ್ಚು ಮನೆಮನೆಗೆ ಮುಟ್ಟಿತು. ಆದರೆ ಆ ಕಾಲದ ಬರಹವೆಲ್ಲ ನಿರ್ದಿಷ್ಟ ಅಕ್ಷರಶೈಲಿಗೆ ಕಟ್ಟುಬಿದ್ದಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ಪುಟ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ರೋಮನ್ ಗೀರುಗಳು ಮಾತ್ರ. ಒಬ್ಬರ ಬರಹದ ಶೀರ್ಷಿಕೆಯನ್ನು ಇನ್ನೊಬ್ಬರ ತಾಣದಲ್ಲಿ ತೋರಿಸುವ ಮಾತೇ ಏಳುತ್ತಿರಲಿಲ್ಲ. ಯೂನಿಕೋಡ್ ಈ ತೊಡಕನ್ನು ನೀಗಿಸಿತು. ಅಲ್ಲಿ ತೆಲುಗಿಗೆ 128 ಸ್ಥಾನಗಳು, ಅದರ ಬೆನ್ನಿಗೇ ಕನ್ನಡಕ್ಕೆ 128 ಸ್ಥಾನಗಳು; ನಮ್ಮ ತಾಲ್ಲೂಕುಗಳಂತೆಯೇ ಒಂದಕ್ಕೊಂದು ಗೋಡೆ ಹಂಚಿಕೊಂಡಿವೆ.

2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’, 2007ರ ಸುಮಾರಿಗೆ ‘ಅವಧಿ’, ‘ಕೆಂಡಸಂಪಿಗೆ’, ಟಿ.ಜಿ. ಶ್ರೀನಿಧಿಯವರ ವಿಜ್ಞಾನ ತಾಣ ‘ಇಜ್ಞಾನ’. ಇವುಗಳ ಜೊತೆಜೊತೆಗೆ ಬ್ಲಾಗರ್ ಮತ್ತು ವರ್ಡ್‌ಪ್ರೆಸ್‌ಗಳಲ್ಲಿ ಗೃಹಿಣಿಯರು, ತಂತ್ರಜ್ಞರು, ಮೇಷ್ಟ್ರುಗಳು, ವಿದೇಶದಲ್ಲಿ ನೆಲಸಿದವರು ತೆರೆದ ನೂರಾರು ಕನ್ನಡ ಬ್ಲಾಗುಗಳು. ಆ ವರ್ಷಗಳಲ್ಲಿ ಕನ್ನಡ ಬ್ಲಾಗೊಂದರ ಬಲಬದಿಯನ್ನು ನೋಡಿದರೆ ಒಂದು ನೆರೆಹೊರೆಯೇ ಕಾಣುತ್ತಿತ್ತು. ಒಬ್ಬರ ಪಟ್ಟಿಯಿಂದ ಇನ್ನೊಬ್ಬರ ಮನೆಗೆ, ಅಲ್ಲಿಂದ ಮತ್ತೊಬ್ಬರ ಮನೆಗೆ ಓದುಗ ನಡೆದುಹೋಗುತ್ತಿದ್ದ. ತೆಲುಗಿನವರು ಆ ದಶಕದಲ್ಲೇ ತಮ್ಮ ಬ್ಲಾಗುಗಳೆಲ್ಲವನ್ನೂ ಒಂದೆಡೆ ತೋರಿಸುವ ತಾಣ ಕಟ್ಟಿಕೊಂಡು ಅದಕ್ಕೆ ‘ಕೂಡಲಿ’ ಎಂದು ಹೆಸರಿಟ್ಟರು. ತೆಲುಗಿನಲ್ಲಿ ಅದು ದಾರಿಗಳು ಸೇರುವ ಜಾಗ. ನಮ್ಮಲ್ಲಿ ತುಂಗೆ ಭದ್ರೆಯರು ಸೇರುವ ಊರು. ಎರಡೂ ಭಾಷೆ ಬಲ್ಲ ಇಲ್ಲಿನ ಹುಡುಗರಿಗೆ ಬ್ಲಾಗ್‌ರೋಲ್ ಎಂದರೇನೆಂದು ವಿವರಿಸಲು ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಇಳಿಗಾಲಕ್ಕೆ ಕಾರಣಗಳು ಸ್ಪಷ್ಟವಾಗಿವೆ. 2005ರಲ್ಲಿ ಬಂದ ಗೂಗಲ್ ರೀಡರ್ ಎಂಬ ಓದುಸಾಧನವನ್ನು 2013ರ ಜುಲೈ 1ರಂದು ಮುಚ್ಚಲಾಯಿತು. ವರ್ಡ್‌ಪ್ರೆಸ್ 2012ರ ಡಿಸೆಂಬರಿನ 3.5ನೆಯ ಆವೃತ್ತಿಯಿಂದ, ಹೊಸ ತಾಣಗಳಲ್ಲಿ ಕೊಂಡಿಪಟ್ಟಿಯ ವ್ಯವಸ್ಥೆಯನ್ನು ಮರೆಗೆ ಸರಿಸಿತು. ಬರೆಯುವವರು ಫೇಸ್‌ಬುಕ್ಕಿಗೆ ಹೋದರು. ಅದು ತನ್ನ ಪುಟಗಳಿಗೆ ಕೊಡುತ್ತಿದ್ದ ಫೀಡನ್ನು 2015ರಲ್ಲಿ ನಿಲ್ಲಿಸಿತು. ಈಗ ಕನ್ನಡದ ಒಳ್ಳೆಯ ಬರಹ ನಮ್ಮ ಹಳ್ಳಿಗಳಿಗೆ ಬರುವುದು ವಾಟ್ಸಾಪ್ ಮೂಲಕ. ಬರುವಾಗ ಬಹುಪಾಲು ಲೇಖಕನ ಹೆಸರು ಉದುರಿಹೋಗಿರುತ್ತದೆ, ಕೆಲವೊಮ್ಮೆ ಬೇರೊಬ್ಬರ ಹೆಸರು ಅಂಟಿಕೊಂಡಿರುತ್ತದೆ. ‘ಇದನ್ನು ಬರೆದವರು ಯಾರು ಸಾರ್, ಇನ್ನೇನು ಬರೆದಿದ್ದಾರೆ?’ ಎಂದು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದರೆ ಉತ್ತರವಿರುವುದಿಲ್ಲ. ಮೆಚ್ಚಿನ ಪಟ್ಟಿಯಲ್ಲಿ ಲೇಖಕನ ಹೆಸರೂ ವಿಳಾಸವೂ ಉಳಿಯುತ್ತವೆ. ಪಟ್ಟಿ ಮಾಡುವ ಶ್ರಮವನ್ನು ನಾನು ಸಮರ್ಥಿಸುವುದು ಮುಖ್ಯವಾಗಿ ಈ ಕಾರಣಕ್ಕೆ.

ಕೆಲಸ ಮಾಡುವ ಬಗೆ

ಪ್ರತಿ ಬ್ಲಾಗೂ ಓದುಗರಿಗೆ ಕಾಣುವ ಪುಟದ ಜೊತೆಗೆ ಗಣಕಗಳಿಗಾಗಿ ಇನ್ನೊಂದು ಸಣ್ಣ ಕಡತವನ್ನು ಇಟ್ಟಿರುತ್ತದೆ. ಇತ್ತೀಚಿನ ಕೆಲವು ಬರಹಗಳ ಶೀರ್ಷಿಕೆ, ದಿನಾಂಕ, ಕೊಂಡಿ, ಮೊದಲ ಕೆಲವು ಸಾಲುಗಳು ಅದರಲ್ಲಿರುತ್ತವೆ. ಇದೇ ಫೀಡ್. ಇದರ ಆರ್‌ಎಸ್‌ಎಸ್ ಎಂಬ ರೂಪ 1999ರಲ್ಲಿಯೂ, ಆಟಮ್ ಎಂಬ ರೂಪದ ಅಧಿಕೃತ ನಿಯಮಾವಳಿ 2005ರಲ್ಲಿಯೂ ಬಂದವು. ವರ್ಡ್‌ಪ್ರೆಸ್ ತಾಣವಾದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಫೀಡ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಸಾಕು, ಅದು ತೆರೆದುಕೊಳ್ಳುತ್ತದೆ. ಬ್ಲಾಗರ್ ತಾಣವಾದರೆ ‘ಫೀಡ್ಸ್’, ‘ಪೋಸ್ಟ್ಸ್’, ‘ಡಿಫಾಲ್ಟ್’ ಎಂಬ ಮೂರು ಪದಗಳನ್ನು ಓರೆಗೆರೆಗಳಿಂದ ಬೇರ್ಪಡಿಸಿ ಸೇರಿಸಬೇಕು. ನಿಮ್ಮ ತಾಣವು ಆಗಾಗ ಈ ಕಡತಗಳನ್ನು ನೋಡಿಬಂದು ಹೊಸ ಶೀರ್ಷಿಕೆಯನ್ನು ಪಟ್ಟಿಯಲ್ಲಿ ತೋರಿಸುತ್ತದೆ. ಎಲ್ಲ ಫೀಡುಗಳ ವಿಳಾಸಗಳನ್ನು ಒಂದೇ ಕಡತದಲ್ಲಿ ಕಟ್ಟಿಡುವ ಓಪಿಎಂಎಲ್ ಎಂಬ ವಿಧಾನವೂ ಉಂಟು. ಒಬ್ಬ ಶಿಕ್ಷಕ ಆ ಕಡತವನ್ನು ಕಳುಹಿಸಿದರೆ ಮಡಕಶಿರಾದ ಇನ್ನೊಬ್ಬ ಶಿಕ್ಷಕ ಇಡೀ ಪಟ್ಟಿಯನ್ನು ಒಂದೇ ಬಾರಿಗೆ ತನ್ನದಾಗಿಸಿಕೊಳ್ಳಬಹುದು.

ಬ್ಲಾಗರ್ ಬಳಸುವವರಿಗೆ ಇದು ಐದು ನಿಮಿಷದ ಕೆಲಸ. ವಿನ್ಯಾಸದ ಪುಟದಲ್ಲಿ ‘ಬ್ಲಾಗ್ ಪಟ್ಟಿ’ ಎಂಬ ಗ್ಯಾಜೆಟ್ ಆರಿಸಿ, ವಿಳಾಸಗಳನ್ನು ಸೇರಿಸಿ, ‘ಇತ್ತೀಚಿನ ಬರಹದ ಶೀರ್ಷಿಕೆ’ ಎಂಬಲ್ಲಿ ಗುರುತು ಹಾಕಿದರೆ ಆಯಿತು. ವರ್ಡ್‌ಪ್ರೆಸ್‌ನಲ್ಲಿ ಆರ್‌ಎಸ್‌ಎಸ್ ಬ್ಲಾಕ್ ಇದೆ, ಪ್ರತಿ ಬ್ಲಾಗಿಗೆ ಒಂದೊಂದರಂತೆ ಇಡಬೇಕು.

ಕನ್ನಡಕ್ಕೆ ವಿಶಿಷ್ಟವಾದ ತೊಡಕುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಂಗ್ಲಿಷ್ ಕೈಪಿಡಿಗಳಲ್ಲಿ ಇವು ಇರುವುದಿಲ್ಲ.

ಮೊದಲನೆಯದು ಅಕ್ಷರ ಕತ್ತರಿಸುವ ತೊಂದರೆ. ಶೀರ್ಷಿಕೆ ಉದ್ದವಾದಾಗ ಕೆಲವು ತಂತ್ರಾಂಶಗಳು ಇಷ್ಟು ಬೈಟ್ ಅಥವಾ ಇಷ್ಟು ಸಂಕೇತ ಎಂದು ಎಣಿಸಿ ಕತ್ತರಿಸುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಒಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ ಚಿಹ್ನೆ, ರ, ಈಕಾರದ ಗುಣಿತ ಹೀಗೆ ಆರು ಸಂಕೇತಗಳು, ಅಂದರೆ 18 ಬೈಟ್‌ಗಳು. ಕತ್ತರಿ ನಡುವೆ ಬಿದ್ದರೆ ‘ಶಾಸ್ತ್ರ’ ಹೋಗಿ ‘ಶಾಸ್’ ಉಳಿಯುತ್ತದೆ. ಬೈಟಿನ ನಡುವೆಯೇ ಬಿದ್ದರೆ ಪ್ರಶ್ನಾರ್ಥಕ ಚಿಹ್ನೆಯ ಕರಿ ಚೌಕ ಕಾಣುತ್ತದೆ. ಆದ್ದರಿಂದ ಶೀರ್ಷಿಕೆಯನ್ನು ಪೂರ್ತಿ ತೋರಿಸುವ ಆಯ್ಕೆಯನ್ನೇ ಇಟ್ಟುಕೊಳ್ಳುವುದು ಕ್ಷೇಮ. ಪದಗಳನ್ನು ಎಣಿಸಿ ಕತ್ತರಿಸುವ ವಿಧಾನದಲ್ಲಿ ಈ ಅಪಾಯವಿಲ್ಲ. ಆದರೆ ವರ್ಡ್‌ಪ್ರೆಸ್ ಸಾರಾಂಶಕ್ಕೆ ಇಟ್ಟಿರುವ 55 ಪದಗಳ ಮಿತಿ, ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಇಂಗ್ಲಿಷಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಪಟ್ಟಿಗೆ ಇಪ್ಪತ್ತು ಪದ ಸಾಕು.

ಎರಡನೆಯದು ಕಣ್ಣಿಗೆ ಕಾಣದ ಸಂಕೇತಗಳದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಒತ್ತಕ್ಷರವಾಗದಂತೆ ತಡೆಯುವುದು ನಡುವೆ ಇರುವ ಶೂನ್ಯ ಅಗಲದ ಸಂಕೇತ. ಫೀಡನ್ನು ಶುದ್ಧಗೊಳಿಸುವ ಕೆಲವು ತಂತ್ರಾಂಶಗಳು ಇದನ್ನು ಕಸವೆಂದು ತೆಗೆದುಹಾಕುತ್ತವೆ. ಆಗ ವರನಟರು ‘ರಾಜ್ಕುಮಾರ್’ ಆಗಿಬಿಡುತ್ತಾರೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ತಲೆಕೆಳಗಾಗಿ ಅರ್ಕಾವತ್ತಾಗುವುದಕ್ಕೂ ಇಂಥದೇ ಕಾರಣ. ಬ್ಲಾಗ್ ಬರೆದವರ ಕಾಗುಣಿತವನ್ನು ದೂಷಿಸುವ ಮೊದಲು ಮೂಲ ಪುಟವನ್ನು ತೆರೆದು ನೋಡುವುದು ಒಳ್ಳೆಯದು.

ಮೂರನೆಯದು ಹಳೆಯ ಉಪಕರಣಗಳದು. ಆಂಡ್ರಾಯ್ಡ್ ಫೋನುಗಳು 2012ರ 4.1ನೆಯ ಆವೃತ್ತಿಯಿಂದ ಕನ್ನಡ, ತೆಲುಗುಗಳನ್ನು ತಾವಾಗಿಯೇ ತೋರಿಸತೊಡಗಿದವು, ಆದ್ದರಿಂದ ಇಂದು ಫೋನಿನ ತೊಂದರೆ ಬಹಳವಿಲ್ಲ. ತೊಂದರೆ ಇರುವುದು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಉಳಿದುಹೋದ ಪುಟಗಳಲ್ಲಿ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಪಟ್ಟಿಗೆ ಸೇರಿಸುವ ಮುನ್ನ ಒಡೆಯರಿಗೆ ಒಂದು ಮಿಂಚಂಚೆ ಬರೆದು ತಿಳಿಸಬಹುದು.

ಆಯ್ಕೆಯ ವಿವೇಕ

ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಹತ್ತು ಹನ್ನೆರಡು ಹೆಸರು ದಾಟಿದರೆ ಅದು ಶಿಫಾರಸಾಗದೆ ದೂರವಾಣಿ ಕೈಪಿಡಿಯಾಗುತ್ತದೆ. ಪ್ರತಿ ಹೆಸರಿನ ಎದುರು ಒಂದು ವಾಕ್ಯ ಬರೆಯಬೇಕು: ಯಾರಿಗೆ, ಯಾಕೆ. ‘ಇಜ್ಞಾನ’ವನ್ನು ಎಂಟನೆಯ ತರಗತಿಯ ಮಗುವಿಗೆ ಹಿಂಜರಿಯದೆ ಕೊಡಬಹುದು. ಮಂಗಳೂರಿನಲ್ಲಿ ‘ಅತ್ರಿ’ ಪುಸ್ತಕದಂಗಡಿಯನ್ನು 1975ರಿಂದ 2012ರವರೆಗೆ ನಡೆಸಿದ ಜಿ.ಎನ್. ಅಶೋಕವರ್ಧನರ ಜಾಲತಾಣದ ಚಾರಣ, ಪುಸ್ತಕೋದ್ಯಮ, ಯಕ್ಷಗಾನದ ಬರಹಗಳು ಶಿಕ್ಷಕರಿಗೆ ಹಿಡಿಸುವಂಥವು. ‘ಅವಧಿ’, ‘ಕೆಂಡಸಂಪಿಗೆ’ಗಳಲ್ಲಿ ಬರಹ ಹೇರಳ, ಆದ್ದರಿಂದ ಕಾಲೇಜು ಹಂತಕ್ಕೆ ಸೂಕ್ತ.

‘ಹೊನಲು’ ತಾಣದ ವಿಷಯದಲ್ಲಿ ಗಡಿನಾಡಿನ ಶಿಕ್ಷಕ ಸ್ವಲ್ಪ ಯೋಚಿಸಬೇಕಾಗುತ್ತದೆ. ಡಿ.ಎನ್. ಶಂಕರ ಭಟ್ಟರ ‘ಹೊಸಬರಹ’ದ ವಿಚಾರವನ್ನು ಅನುಸರಿಸಿ ಅಲ್ಲಿ ಮಹಾಪ್ರಾಣಗಳನ್ನೂ ಷಕಾರವನ್ನೂ ಬಿಟ್ಟು ಬರೆಯುತ್ತಾರೆ, ‘ಭಾಷೆ’ ಅಲ್ಲಿ ‘ಬಾಶೆ’. ವಿಷಯ ವೈವಿಧ್ಯ ಚೆನ್ನಾಗಿದೆ, ಮಾತು ತಿಳಿಯಾಗಿದೆ. ಆದರೆ ಸುತ್ತಲೂ ಕನ್ನಡದ ಫಲಕವೇ ಕಾಣದ ಊರಿನ ಮಗು ಈ ಕಾಗುಣಿತವನ್ನು ರೂಢಿಸಿಕೊಂಡು ಹತ್ತನೆಯ ತರಗತಿಯ ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಕಳೆದುಕೊಳ್ಳುತ್ತದೆ. ಬೆಂಗಳೂರಿನ ಮಗುವಿಗೆ ಬಸ್ಸಿನ ಹಲಗೆಯೇ ತಿದ್ದುಪಾಠ ಹೇಳುತ್ತದೆ, ನಮ್ಮ ಮಗುವಿಗೆ ಅದಿಲ್ಲ. ಹಾಗೆಂದು ಪಟ್ಟಿಯಿಂದ ಕೈಬಿಡುವುದು ಸರಿಯಲ್ಲ. ‘ಇಲ್ಲಿನ ಕಾಗುಣಿತ ಪಠ್ಯದ ಕಾಗುಣಿತಕ್ಕಿಂತ ಭಿನ್ನ’ ಎಂಬ ಟಿಪ್ಪಣಿಯೊಡನೆ ದೊಡ್ಡವರ ಪಟ್ಟಿಯಲ್ಲಿ ಇಡುವುದು ನನ್ನ ರೂಢಿ.

ಹೊಸ ಬರಹ ಮೇಲಕ್ಕೆ ಬರುವಂತೆ ಜೋಡಿಸಿದರೆ ದಿನಕ್ಕೆ ಐದು ಬರಹ ಹಾಕುವ ತಾಣವೇ ಸದಾ ಮೇಲೆ ಕುಳಿತು, ಎರಡು ತಿಂಗಳಿಗೊಮ್ಮೆ ಬರೆಯುವವರು ಕೆಳಗೆ ಮುಳುಗುತ್ತಾರೆ. ಒಳ್ಳೆಯ ಬರಹ ಎಷ್ಟೋ ಸಲ ಈ ಎರಡನೆಯವರದೇ. ಆದ್ದರಿಂದ ಅಕಾರಾದಿಯಾಗಿ ಜೋಡಿಸಿ, ಪ್ರತಿ ತಾಣದಿಂದ ಒಂದೇ ಶೀರ್ಷಿಕೆ ತೋರಿಸುವುದು ನ್ಯಾಯ.

ಹಕ್ಕಿನ ಮಾತು ಚಿಕ್ಕದು. ಶೀರ್ಷಿಕೆ, ಲೇಖಕರ ಹೆಸರು, ಒಂದೆರಡು ಸಾಲು, ಕೊಂಡಿ ಇಷ್ಟು ಸಲ್ಲುತ್ತದೆ. ಬ್ಲಾಗಿನ ಬರಹವನ್ನು ಇಡಿಯಾಗಿ ನಿಮ್ಮ ತಾಣದಲ್ಲಿ ಹಾಕುವುದಕ್ಕೆ ಲೇಖಕರ ಒಪ್ಪಿಗೆ ಬೇಕು. 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮು ಬೋಧನೆಯ ಸಂದರ್ಭದಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಕೃತಿಯನ್ನು ನಕಲಿಸಿಕೊಳ್ಳಲು ಅವಕಾಶ ಕೊಡುತ್ತದೆ. ತರಗತಿಯ ಪಾಠಕ್ಕೆ ಹೊರತಾಗಿ ಗೋಡೆಪತ್ರಿಕೆಗೆಂದು ಮುದ್ರಿಸುವುದಾದರೆ ಒಂದು ಮಾತು ಕೇಳಿಯೇ ಹಾಕಬೇಕು. ಗಡಿಯಾಚೆಯ ಶಾಲೆಯೊಂದು ತಮ್ಮ ಬರಹವನ್ನು ಕೇಳುತ್ತಿದೆ ಎಂದರೆ ಬೇಡವೆನ್ನುವ ಕನ್ನಡ ಲೇಖಕರು ವಿರಳ.

ಪಟ್ಟಿಯನ್ನು ಶೈಕ್ಷಣಿಕ ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಸಂಕ್ರಾಂತಿಯ ರಜೆಯಲ್ಲಿ, ಪರಿಶೀಲಿಸಬೇಕು. ಡೊಮೇನಿನ ಹಣ ಕಟ್ಟದೆ ಕೈತಪ್ಪಿದ ಹೆಸರುಗಳನ್ನು ಜೂಜಿನ ತಾಣಗಳು ಕೊಂಡುಕೊಳ್ಳುವುದುಂಟು; ಮಕ್ಕಳ ಕೈಗೆ ಹೋಗುವ ಪಟ್ಟಿಯಲ್ಲಿ ಇದು ಸಣ್ಣ ಅಪಾಯವಲ್ಲ. ಬರಹ ನಿಂತಿದ್ದರೂ ಪುಟಗಳು ಉಳಿದಿರುವ ಬ್ಲಾಗನ್ನು ತೆಗೆಯದೆ ‘ಹಳೆಯ ಬರಹಗಳು ಮಾತ್ರ’ ಎಂದು ಗುರುತಿಸಿ ಇಡಬಹುದು. ಇಷ್ಟವಾದ ಬರಹದ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ‘ಈ ಪುಟವನ್ನು ಉಳಿಸು’ ಎಂಬ ಚೌಕಕ್ಕೆ ಅಂಟಿಸಿದರೆ ಪ್ರತಿಯೊಂದು ಅಲ್ಲಿ ಉಳಿಯುತ್ತದೆ. ಮೂಲ ತಾಣ ಮುಚ್ಚಿದ ದಿನ ಪಟ್ಟಿಯ ಕೊಂಡಿಯನ್ನು ಆ ಪ್ರತಿಗೆ ಬದಲಿಸಿದರಾಯಿತು.