ಕ್ಯಾನ್ಸರ್ ಚಿಕಿತ್ಸೆಯ ವಾಕರಿಕೆಗೆ ಶುಂಠಿ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಕಿಮೋಥೆರಪಿ ಪಡೆಯುವವರಿಗೆ ವಾಕರಿಕೆ ಕಾಡಿದಾಗ ಮನೆಯವರು ಮೊದಲು ನೆನೆಯುವುದು ಶುಂಠಿಯನ್ನು. ಇದು ಬರಿಯ ನಂಬಿಕೆಯಲ್ಲ. ಅಮೆರಿಕದಲ್ಲಿ 576 ರೋಗಿಗಳ ಫಲಿತಾಂಶವನ್ನು ವಿಶ್ಲೇಷಿಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾಂತಿ ತಡೆಯುವ ಔಷಧಿಗಳ ಜೊತೆಗೆ ದಿನಕ್ಕೆ 0.5ರಿಂದ 1 ಗ್ರಾಂ ಶುಂಠಿ ಸೇವಿಸಿದವರಲ್ಲಿ ಚಿಕಿತ್ಸೆಯ ಮೊದಲ ದಿನದ ವಾಕರಿಕೆ ತಗ್ಗಿತ್ತು. ಆದರೆ ಎಲ್ಲ ಪ್ರಯೋಗಗಳೂ ಇದೇ ಫಲ ನೀಡಿಲ್ಲ. ‘ಜೊತೆಗೆ’ ಎಂಬ ಪದವನ್ನು ವಿಶೇಷವಾಗಿ ಗಮನಿಸಿರಿ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಕಷಾಯವನ್ನಷ್ಟೇ ಕುಡಿಸುವುದು ಅಪಾಯಕರ.

ಹಸಿ ಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್ ಒಣಗಿಸಿದಾಗ ಭಾಗಶಃ ಶೋಗಾಲ್ ಆಗಿ ಮಾರ್ಪಡುತ್ತದೆ. ಆದ್ದರಿಂದ ಹಸಿ ಶುಂಠಿ, ಒಣಶುಂಠಿಗಳ ಪ್ರಮಾಣ ಒಂದೇ ಅಲ್ಲ. ಶುಂಠಿಯು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸಬಹುದು. ಪ್ಲೇಟ್‌ಲೆಟ್ ಕಡಿಮೆಯಿರುವವರು, ವಾರ್ಫರಿನ್‌ನಂತಹ ಔಷಧಿ ಸೇವಿಸುವವರು ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಔಷಧಿಯಾಗಿ ಬಳಸಬಾರದು.

ಬೆಳೆಗಾರರ ಮನೆಯಲ್ಲಿ ಇನ್ನೊಂದು ಅಪಾಯವಿದೆ, ಇದರ ಬಗ್ಗೆ ಮಾತನಾಡುವವರು ಕಡಿಮೆ. ಗಡ್ಡೆಕೊಳೆ ರೋಗದ ಹತೋಟಿಗಾಗಿ ಮ್ಯಾಂಕೊಜೆಬ್ ದ್ರಾವಣದಲ್ಲಿ ಅದ್ದಿದ ಬಿತ್ತನೆ ಗಡ್ಡೆಗಳಲ್ಲಿ ಉಳಿದವನ್ನು ಎಷ್ಟೇ ತೊಳೆದರೂ ಅಡುಗೆಗೆ ತರಬಾರದು. ಅವನ್ನು ಗುರುತು ಹಾಕಿ ಬೇರೆಯಾಗಿಡಿರಿ. ಔಷಧಿ ಸುರಿದ ಮಡಿಯಿಂದ ಕಿತ್ತು ತರುವುದಾದರೆ ಡಬ್ಬಿಯ ಮೇಲೆ ಸೂಚಿಸಿದ ಕಾಯುವ ಅವಧಿ ಮುಗಿದಿರಬೇಕು. ಬೂಷ್ಟು ಹಿಡಿದ ಒಣಶುಂಠಿಯನ್ನು ಕೆರೆದು ಬಳಸುವ ರೂಢಿಯನ್ನೂ ಬಿಡಬೇಕು. ಚಿಕಿತ್ಸೆಯಿಂದ ಬಿಳಿ ರಕ್ತಕಣಗಳು ಕುಗ್ಗಿದವರಿಗೆ ಸಣ್ಣ ಸೋಂಕೂ ಪ್ರಾಣಾಂತಿಕವಾಗಬಲ್ಲದು. ಅಂಥವರಿಗೆ ಹಸಿ ರಸಕ್ಕಿಂತ, ಮಣ್ಣು ಹೋಗುವಂತೆ ತೊಳೆದು ಸಿಪ್ಪೆ ತೆಗೆದು ಚೆನ್ನಾಗಿ ಕುದಿಸಿದ ಶುಂಠಿ ನೀರೇ ಲೇಸು.