ಗುಡ್ಡದ ಮರೆಯ ಊರುಗಳು ಮತ್ತು ಮೌನವಾದ ಗೋಪುರಗಳು

ಮಲೆನಾಡಿನಲ್ಲಿ ದೂರದರ್ಶನದ ಚರಿತ್ರೆಯೆಂದರೆ ಆಂಟೆನಾ ತಿರುಗಿಸಿದ ಚರಿತ್ರೆಯೂ ಹೌದು. 1959ರಲ್ಲಿ ದೆಹಲಿಯಲ್ಲಿ ಆರಂಭವಾದ ದೂರದರ್ಶನ ಬೆಂಗಳೂರಿಗೆ ಬಂದದ್ದು 1981ರ ನವೆಂಬರ್ 1ರಂದು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಕಕ್ಷೆ ಸೇರಿದ ಮೇಲೆ ಸಣ್ಣ ಪಟ್ಟಣಗಳಲ್ಲೂ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದವು. ಅಲ್ಲಿನ ದೊಡ್ಡ ಡಿಶ್ ಉಪಗ್ರಹದಿಂದ ಕಾರ್ಯಕ್ರಮವನ್ನು ಹಿಡಿಯುತ್ತಿತ್ತು, ಪಕ್ಕದ ಗೋಪುರ ಅದನ್ನು ಸುತ್ತಲಿನ ಹತ್ತಿಪ್ಪತ್ತು ಕಿಲೋಮೀಟರಿಗೆ ಹಂಚುತ್ತಿತ್ತು.

ಮೊದಲು ಬಳಕೆಯಾದದ್ದು ವಿಎಚ್‌ಎಫ್ ತರಂಗಗಳು. ಚಾನೆಲ್‌ಗಳು ಹೆಚ್ಚಿದಂತೆ 470 ಮೆಗಾಹರ್ಟ್ಸ್‌ನಿಂದ ಮೇಲಿನ ಯುಎಚ್‌ಎಫ್ ಕೂಡ ಬಂತು. ಈ ತರಂಗಗಳು ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುತ್ತವೆ, ಗುಡ್ಡ ಅಡ್ಡಬಂದರೆ ಅಲ್ಲಿಗೇ ಸೋಲುತ್ತವೆ. 1343 ಮೀಟರ್ ಎತ್ತರದ ಕೊಡಚಾದ್ರಿಯ ಮಗ್ಗುಲಿನ ನಿಟ್ಟೂರಿನಂಥ ಊರುಗಳ ಕಷ್ಟ ಇದರಿಂದಲೇ ಅರ್ಥವಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೇಶಕ್ಕೆಲ್ಲ ಪ್ರಸಾರವಾಯಿತು. ಗುಡ್ಡದ ಮರೆಯಲ್ಲಿದ್ದವರಿಗೆ ಮಾತ್ರ ತಮ್ಮದೇ ಸೀಮೆಯ ಚಿತ್ರ ನೋಡಲು ಎತ್ತರದ ಕಂಬವೇ ಬೇಕು! ಹಾಗಿದ್ದೂ ಟಿವಿ ಇದ್ದ ಒಂದು ಮನೆಯ ಜಗಲಿಯಲ್ಲಿ ಜಾತಿ, ಧರ್ಮ ಎನ್ನದೆ ಊರೇ ಸೇರುತ್ತಿದ್ದ ಕಾಲವದು.

2004ರ ಡಿಸೆಂಬರ್‌ನಲ್ಲಿ ದೂರದರ್ಶನ ತನ್ನದೇ ಉಚಿತ ಡಿಟಿಎಚ್ ಸೇವೆ ಆರಂಭಿಸಿತು. ಮನೆಯ ಮೇಲಿನ ಡಿಶ್ ನೇರವಾಗಿ ಆಕಾಶವನ್ನೇ ನೋಡುವುದರಿಂದ ಗುಡ್ಡದ ತಡೆ ಬಹುಮಟ್ಟಿಗೆ ತಪ್ಪಿತು. ಹಳೆಯ ಗೋಪುರಗಳ ಕೆಲಸವೂ ಮುಗಿಯುತ್ತ ಬಂತು. ಆಯಕಟ್ಟಿನ ಸ್ಥಳಗಳ ಸುಮಾರು 50 ಕೇಂದ್ರಗಳನ್ನು ಬಿಟ್ಟು ಉಳಿದ ಅನಲಾಗ್ ಪ್ರಸಾರವನ್ನು 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತು. ವಿದ್ಯುತ್ತು, ತರಂಗಾಂತರ ಎರಡೂ ಉಳಿಯುತ್ತವೆ ಎಂಬುದು ಅದರ ಲೆಕ್ಕಾಚಾರ. ಆ ಲೆಕ್ಕ ತಪ್ಪೆಂದು ನಾವು ಹೇಳಲಾರೆವು.

ಆದರೆ ಲೆಕ್ಕಕ್ಕೆ ಸಿಗದ ಒಂದು ಮಾತಿದೆ. ಆಂಟೆನಾಕ್ಕೆ ಕೊಳವೆ, ತಂತಿ ಸಾಕಿತ್ತು. ಉಚಿತ ಡಿಟಿಎಚ್‌ಗೂ ಮೊದಲು ಡಿಶ್, ಪೆಟ್ಟಿಗೆ ಕೊಳ್ಳಬೇಕು. ಅದು ಬಳಸುವ ಕೆಯು ಬ್ಯಾಂಡ್ ತರಂಗ ಜಡಿಮಳೆಗೆ ದುರ್ಬಲವಾಗುತ್ತದೆ. ಮಲೆನಾಡಿನಲ್ಲಿ ಸುದ್ದಿ ಅತ್ಯಗತ್ಯವಾಗುವುದೂ ಅದೇ ಮಳೆಯಲ್ಲಿ, ಸೇತುವೆ ಮುಳುಗಿ ದಾರಿ ಕಡಿದಾಗ. ಹಿಂದೆ ಗುಡ್ಡ ತಡೆಯುತ್ತಿತ್ತು, ಈಗ ಮಳೆ ತಡೆಯುತ್ತದೆ. ಸಾರ್ವಜನಿಕ ಪ್ರಸಾರದ ಹೊಸ ಯೋಜನೆಗಳು ಇಂಥ ಕಟ್ಟಕಡೆಯ ಮನೆಯಿಂದ ಲೆಕ್ಕ ಆರಂಭಿಸಬೇಕೆಂಬುದಷ್ಟೇ ನಮ್ಮ ಕೋರಿಕೆ.