ಬೀದರಿನ ಮದರಸಾ: ಒಂದು ಸಾರ್ವಜನಿಕ ಕಟ್ಟಡದ ವಿಚಾರ

ಅಮೆರಿಕಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದ ವಾಸ್ತುಶಿಲ್ಪ ವಿಭಾಗದಲ್ಲಿ 1998ರಲ್ಲಿ ಒಂದು ಬಹುಮಾನವು ಸ್ಥಾಪಿತವಾಯಿತು. ವಾಸ್ತುವಿದ್ಯೆಯನ್ನು ಕಲಿಯುತ್ತಿರುವ ಎಲ್ಲ ದೇಶಗಳ ವಿದ್ಯಾರ್ಥಿಗಳಿಗೂ ತೆರೆದಿದ್ದ ಪ್ರಬಂಧ ಸ್ಪರ್ಧೆಯೊಂದು ಅದರ ಮುಖ್ಯ ಅಂಗ. ವಿದ್ಯಾರ್ಥಿಯು ನಕ್ಷೆ ಬರೆದು ಕಳುಹಿಸಬೇಕಾಗಿರಲಿಲ್ಲ. ಕಟ್ಟಡವನ್ನು ಕುರಿತು ಗದ್ಯವನ್ನು ಬರೆಯಬೇಕಾಗಿತ್ತು. ಮೊದಲು ಒಂದು ಚಿಕ್ಕ ಬರಹ, ಅದರಲ್ಲಿ ಆಯ್ಕೆಯಾದವರಿಂದ ಸವಿಸ್ತಾರವಾದ ಪ್ರಬಂಧ, ಹೀಗೆ ಅದರ ಕ್ರಮವಿತ್ತು. ವಾಸ್ತುಶಿಲ್ಪವು ಸಮಾಜದ ಕಲೆ ಎಂಬ ನಂಬಿಕೆ ಆ ಬಹುಮಾನದ ತಳಹದಿಯಾದುದರಿಂದ, ಕಟ್ಟಡವು ಎಷ್ಟು ಸುಂದರವೆಂಬುದಕ್ಕಿಂತ ಅದು ಯಾರಿಗೆ ಒದಗಿತು, ಹೇಗೆ ಒದಗಿತು ಎಂಬ ವಿಚಾರಕ್ಕೆ ಅಲ್ಲಿ ಪ್ರಾಶಸ್ತ್ಯ ದೊರೆಯಿತು.

ಈ ಪ್ರಶ್ನೆಯನ್ನು ನಮ್ಮ ನಾಡಿನ ಒಂದು ಹಳೆಯ ಕಟ್ಟಡಕ್ಕೆ ಹಾಕಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ. ಭಾಲ್ಕಿ, ಔರಾದಗಳ ಸೀಮೆಯಲ್ಲಿರುವ ಠಾಣಾ ಕುಶನೂರಿನಂತಹ ಊರಿನಿಂದ ಬಂದ ವಿದ್ಯಾರ್ಥಿಯೊಬ್ಬನಿಗೆ ‘ಸಾರ್ವಜನಿಕ ಕಟ್ಟಡ’ ಎಂದೊಡನೆ ಬಹುಶಃ ಕಚೇರಿಯೋ ಪೊಲೀಸು ಠಾಣೆಯೋ ನೆನಪಾದೀತು. ಅವನ ಊರಿನ ಹೆಸರಿನಲ್ಲಿಯೇ ಠಾಣೆಯಿದೆ. ಆದರೆ ಸರಕಾರದ ಕಟ್ಟಡವೆಲ್ಲ ಸಾರ್ವಜನಿಕವಲ್ಲ, ಸಾರ್ವಜನಿಕವಾದುದೆಲ್ಲ ಸರಕಾರದ್ದೂ ಅಲ್ಲ. ಮರದ ಬುಡದ ಕಟ್ಟೆ, ಗುಡಿಯ ಜಗಲಿ, ದರ್ಗಾದ ಅಂಗಳ ಇವುಗಳನ್ನು ಯಾವ ಇಲಾಖೆಯೂ ಕಟ್ಟಿಸಲಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಅವನು ತನ್ನ ಜಿಲ್ಲೆಯ ಮುಖ್ಯ ಪಟ್ಟಣವಾದ ಬೀದರಿಗೆ ಬಂದರೆ, ಅಲ್ಲಿ ವಿದ್ಯಾರ್ಥಿಗಳಿಗಾಗಿಯೇ ಕಟ್ಟಿದ, ಸುಮಾರು 550 ವರ್ಷ ಹಳೆಯದಾದ ಒಂದು ಕಟ್ಟಡವನ್ನು ಕಾಣುವನು. ಅದೇ ಮಹಮೂದ್ ಗವಾನನ ಮದರಸಾ.

ಗವಾನನು ಇರಾನಿನ ಗೀಲಾನ್ ಪ್ರಾಂತದವನು. ವ್ಯಾಪಾರಿಯಾಗಿ 1453ರ ಸುಮಾರಿಗೆ ದಖನ್ನಿಗೆ ಬಂದು, ಬಹಮನೀ ಸುಲ್ತಾನರಲ್ಲಿ ಸೇವೆಗೆ ನಿಂತು, ಮೂರನೆಯ ಮಹಮ್ಮದ್ ಶಹನ ಕಾಲದಲ್ಲಿ ರಾಜ್ಯದ ಪ್ರಧಾನ ಮಂತ್ರಿಯಾದನು. ಅವನ ರಾಜಕಾರ್ಯವನ್ನು ಎಚ್. ಕೆ. ಶೇರ್ವಾನಿಯವರೂ, ಬೀದರಿನ ಕಟ್ಟಡಗಳನ್ನು ಹೈದರಾಬಾದು ಸಂಸ್ಥಾನದ ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರೂ ವಿಸ್ತಾರವಾಗಿ ವರ್ಣಿಸಿರುವರು. ಯಜ್ದಾನಿಯವರ ಬೀದರಿನ ಗ್ರಂಥವು 1947ರಲ್ಲಿ ಪ್ರಕಟವಾಯಿತು. ಅನಂತರ ಬರೆದವರೆಲ್ಲರೂ ಅದಕ್ಕೆ ಋಣಿಗಳು.

ಮದರಸಾದ ಕಾಲವನ್ನು ನಿರ್ಣಯಿಸುವುದು ಕಷ್ಟವಲ್ಲ. ಅದು ಮುಗಿದಾಗ ಕವಿಯೊಬ್ಬನು ರಚಿಸಿದ ಪದ್ಯದಲ್ಲಿ, ‘ಈ ಕಾರ್ಯವನ್ನು ಸ್ವೀಕರಿಸು’ ಎಂದು ದೇವರನ್ನು ಬೇಡುವ ಅರಬ್ಬೀ ಪ್ರಾರ್ಥನೆಯೊಂದು ಅಡಕವಾಗಿದೆ. ಅದರ ಅಕ್ಷರಗಳಿಗೆ ಅರಬ್ಬೀ ಕ್ರಮದಲ್ಲಿ ಸಲ್ಲುವ ಬೆಲೆಗಳನ್ನು ಕೂಡಿಸಿದರೆ 876 ಬರುವುದು. ಹಿಜರಿ 876 ಎಂದರೆ ಕ್ರಿ. ಶ. 1471-72. ನಮ್ಮಲ್ಲಿ ಕಟಪಯಾದಿ ಸೂತ್ರದಿಂದ ಶಕವರ್ಷವನ್ನು ಪದಗಳಲ್ಲಿ ಹುದುಗಿಸುವ ರೂಢಿಯನ್ನು ಬಲ್ಲವರಿಗೆ ಈ ಜಾಣ್ಮೆ ಹೊಸದೆನಿಸದು. ಆದರೆ ಇಲ್ಲಿ ಗಮನಿಸಬೇಕಾದುದು ಬೇರೆ: ಕಟ್ಟಿಸಿದವನ ಬಿರುದಾವಳಿಯಿಂದಲ್ಲ, ಒಂದು ಬಿನ್ನಹದಿಂದ ವರ್ಷವನ್ನು ಎಣಿಸಲಾಗಿದೆ.

ಕಟ್ಟಡದ ರಚನೆ ಸರಳವಾಗಿ ಹೀಗಿದೆ. ನಡುವೆ ಚೌಕನಾದ ತೆರೆದ ಅಂಗಳ. ಅದರ ಸುತ್ತ ಮೂರು ಅಂತಸ್ತಿನ ಕೊಠಡಿಗಳ ಸಾಲು. ಉತ್ತರ, ದಕ್ಷಿಣ, ಪಶ್ಚಿಮ ದಿಕ್ಕುಗಳ ಮಧ್ಯದಲ್ಲಿ ಕಟ್ಟಡದ ಪೂರ್ಣ ಎತ್ತರಕ್ಕೆ ಏರಿದ, ಗುಮ್ಮಟವುಳ್ಳ ಪಾಠದ ಹಜಾರಗಳು. ಪೂರ್ವಕ್ಕೆ ಮುಖ್ಯದ್ವಾರ, ಆ ಮುಖದ ಎರಡು ತುದಿಗಳಲ್ಲಿ ಎರಡು ಮಿನಾರುಗಳು. ಈಗ ಉಳಿದಿರುವುದು ಈಶಾನ್ಯದ್ದೊಂದೇ. ಮುಂಭಾಗವೆಲ್ಲ ನೀಲಿ, ಹಸಿರು, ಹಳದಿ, ಬಿಳಿಯ ಮೆರುಗುಬಿಲ್ಲೆಗಳಿಂದ ಮುಚ್ಚಿತ್ತು. ಸಮರಕಂದದಲ್ಲಿ ಉಲುಗ್ ಬೇಗನು 1420ರಲ್ಲಿ ಮುಗಿಸಿದ ಮದರಸಾವನ್ನೂ ಖುರಾಸಾನದ ಖರ್ಗಿರ್ದಿನಲ್ಲಿ 1440ರ ದಶಕದಲ್ಲಿ ಎದ್ದ ಮದರಸಾವನ್ನೂ ಇದರೊಡನೆ ಹೋಲಿಸುವುದು ವಾಡಿಕೆ. ಹೋಲಿಕೆ ನಿಜವೇ. ಆದರೆ ಮೆರುಗುಬಿಲ್ಲೆಯ ಕೆಲಸ ಒಣ ಹವೆಯ ದೇಶಗಳದು. ಬೀದರಿನ ಮಳೆಗಾಲಗಳಿಗೆ ಅದು ಒಗ್ಗಲಿಲ್ಲ. ಬಹುಪಾಲು ಬಿಲ್ಲೆಗಳು ಉದುರಿಹೋಗಿವೆ. ನೋಡಲು ಬರುವವರು ಉಳಿದ ಬಣ್ಣವನ್ನೇ ಮೆಚ್ಚಿ ಹಿಂದಿರುಗುವರು. ನಮ್ಮ ವಿಚಾರಕ್ಕೆ ಬಣ್ಣದ ಹಿಂದಿನ ಕೊಠಡಿಗಳೇ ಹೆಚ್ಚು ಬೆಲೆಯುಳ್ಳವು.

ಈ ಮದರಸಾದಲ್ಲಿ 500 ವಿದ್ಯಾರ್ಥಿಗಳಿದ್ದರೆಂದೂ ಗ್ರಂಥಭಂಡಾರದಲ್ಲಿ 3,000 ಪುಸ್ತಕಗಳಿದ್ದುವೆಂದೂ ಜನಪ್ರಿಯ ಬರಹಗಳಲ್ಲಿ ಹೇಳುವರು. ಪುಸ್ತಕಗಳ ಮಾತು ಹಾಗಿರಲಿ. ವಿದ್ಯಾರ್ಥಿಗಳಿಗೆ 36 ಕೊಠಡಿಗಳು, ಉಪಾಧ್ಯಾಯರಿಗೆ 6 ವಸತಿಗಳು ಎಂಬುದು ಕಟ್ಟಡದ ವಿವರಣೆಗಳಲ್ಲಿ ಕೊಡುವ ಲೆಕ್ಕ. ಕೊಠಡಿಗೆ ಮೂವರಂತೆ ಎಣಿಸಿದರೂ ವಾಸಿಗಳ ಸಂಖ್ಯೆ 108ನ್ನು ಮೀರದು. ಆದುದರಿಂದ 500 ಎಂಬುದು ಉತ್ಪ್ರೇಕ್ಷೆಯಾಗಿರಬೇಕು, ಇಲ್ಲವೆ ಉಳಿದವರು ಪಟ್ಟಣದಲ್ಲಿ ವಾಸಮಾಡಿ ಪಾಠಕ್ಕೆ ಮಾತ್ರ ಬರುತ್ತಿದ್ದಿರಬೇಕು. ಎರಡನೆಯದೇ ಸರಿಯಾದರೆ ಈ ಕಟ್ಟಡದ ಸಾರ್ವಜನಿಕತೆ ಅದರ ಗೋಡೆಗಳಿಗಿಂತ ವಿಶಾಲವಾದುದು. ಅರ್ಧ ಮದರಸಾ ಬೀದರಿನ ಬೀದಿಗಳಲ್ಲಿಯೇ ಇದ್ದಂತಾಯಿತು. ಪಾಠದ ಹಜಾರಗಳು ಇಷ್ಟು ಎತ್ತರವಾಗಿ, ವಾಸದ ಕೊಠಡಿಗಳು ಇಷ್ಟು ಕಿರಿದಾಗಿ ಇರುವುದು ಈ ಊಹೆಗೆ ಅನುಕೂಲವಾಗಿದೆಯೆಂದು ನಮಗೆ ತೋರುತ್ತದೆ.

ಇಲ್ಲಿ ನೆನೆಯಬೇಕಾದ ಇನ್ನೊಂದು ಸ್ಥಳವಿದೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಿದ್ದಿತು. ಕ್ರಿ. ಶ. 1058ರ ಅಲ್ಲಿಯ ಶಾಸನವು ವೇದವನ್ನು ಓದುವ 200 ವಿದ್ಯಾರ್ಥಿಗಳನ್ನೂ, ಶಾಸ್ತ್ರವನ್ನು ಓದುವ ಸುಮಾರು 50 ಮಂದಿಯನ್ನೂ, ಅವರ ಉಪಾಧ್ಯಾಯರನ್ನೂ, ಪುಸ್ತಕಗಳನ್ನು ನೋಡಿಕೊಳ್ಳುವ 6 ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸಿ ಅವರ ಜೀವನಕ್ಕೆ ಭೂಮಿಯನ್ನು ವಿಂಗಡಿಸುತ್ತದೆ. ಬೀದರಿನ ಮದರಸಾಕ್ಕೆ ನಾಲ್ಕು ನೂರು ವರ್ಷ ಮೊದಲೇ ಇದೇ ಸೀಮೆಯಲ್ಲಿ ವಿದ್ಯಾರ್ಥಿಗಳ ವಸತಿ ಮತ್ತು ಪಾಠ ರಾಜ್ಯದ ಹೊಣೆಯಾಗಿದ್ದಿತು. ಮತವೂ ಭಾಷೆಯೂ ಪಾಠಗಳೂ ಬೇರೆ. ವ್ಯವಸ್ಥೆಯ ರೂಪ ಮಾತ್ರ ಬಹಳ ಸಮೀಪ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟರೆ ಸಂಶೋಧಕನ ಕಷ್ಟ ಗೊತ್ತಾಗುವುದು: ನಾಗಾವಿಯಲ್ಲಿ ಜನರ ಲೆಕ್ಕ ಉಳಿದು ಕಟ್ಟಡ ಅಳಿದುಳಿದಿದೆ, ಬೀದರಿನಲ್ಲಿ ಕಟ್ಟಡ ಉಳಿದು ಜನರ ಲೆಕ್ಕ ಕೈಗೆ ಸಿಕ್ಕುವುದಿಲ್ಲ. ಒಂದರಲ್ಲಿ ಯಾರು ಉಂಡರೆಂದು ತಿಳಿಯುತ್ತದೆ, ಇನ್ನೊಂದರಲ್ಲಿ ಎಲ್ಲಿ ಮಲಗಿದರೆಂದು.

ಗವಾನನ ಉದ್ದೇಶವು ದೇಶಾಂತರದ ಖ್ಯಾತಿಯನ್ನೂ ಒಳಗೊಂಡಿದ್ದಿತು. ಅವನ ಪಾರಸೀ ಪತ್ರಗಳ ಸಂಗ್ರಹವಾದ ‘ರಿಯಾಜುಲ್ ಇನ್ಶಾ’ದಿಂದ ಹೆರಾತಿನ ಕವಿ ಜಾಮಿಯೊಡನೆ ಅವನಿಗಿದ್ದ ಪತ್ರವ್ಯವಹಾರ ತಿಳಿಯುವುದು. ಜಾಮಿಯು ಬೀದರಿಗೆ ಬರಲಿಲ್ಲ. ತತ್ತ್ವಜ್ಞ ಜಲಾಲುದ್ದೀನ್ ದವ್ವಾನಿಯೂ ಬರಲಿಲ್ಲ, ಆದರೆ ತನ್ನ ಒಂದು ಗ್ರಂಥವನ್ನು ಗವಾನನಿಗೆ ಅರ್ಪಿಸಿದನು. ‘ಇನ್ಶಾ’ ಎಂದರೆ ಗದ್ಯರಚನೆಯ ವಿದ್ಯೆ; ಅದನ್ನು ಕಲಿಸಲು ಗವಾನನೇ ‘ಮನಾಜಿರುಲ್ ಇನ್ಶಾ’ ಎಂಬ ಲಕ್ಷಣಗ್ರಂಥವನ್ನು ಬರೆದನು. ಕಟ್ಟಡವನ್ನು ಕಟ್ಟಿಸಿದವನೇ ವಿದ್ಯಾರ್ಥಿಗಳು ಪ್ರಬಂಧವನ್ನು ಹೇಗೆ ಬರೆಯಬೇಕೆಂಬುದನ್ನೂ ಬರೆದಿಟ್ಟನೆಂಬುದು, ಬರ್ಕ್ಲಿಯ ಸ್ಪರ್ಧೆಯನ್ನು ನೆನೆದಾಗ, ಸ್ವಾರಸ್ಯವಾದ ಸಂಗತಿ.

ಆದರೆ ಇದರ ವೆಚ್ಚವನ್ನು ಹೊತ್ತವರು ಯಾರು? ಇದೇ ಕಾಲದಲ್ಲಿ, 1470ರ ಆಸುಪಾಸಿನಲ್ಲಿ, ರಷ್ಯದ ವರ್ತಕ ಅಫನಾಸಿ ನಿಕಿತಿನನು ಒಂದು ಕುದುರೆಯೊಡನೆ ಬೀದರಿಗೆ ಬಂದು ಅಲ್ಲಿ ಬಹುಕಾಲ ಇದ್ದನು. ಅಮೀರರ ವೈಭವವನ್ನು ಅವನು ಬೆರಗಿನಿಂದ ವರ್ಣಿಸಿರುವನು. ಹಳ್ಳಿಗರ ಕಡುಬಡತನವನ್ನೂ ಅದರ ಪಕ್ಕದಲ್ಲಿಯೇ ಹೇಳಿರುವನು. ಔರಾದ, ಭಾಲ್ಕಿಗಳ ಹೊಲಗಳಿಂದ ಹೋದ ಕಂದಾಯ ಮದರಸಾದ ಗಾರೆಯಲ್ಲಿ ಎಷ್ಟು ಬೆರೆಯಿತೆಂದು ಲೆಕ್ಕಹಾಕುವಂತಿಲ್ಲ. ಗವಾನನು ಸ್ವಂತಕ್ಕೆ ಮಿತವಾಗಿ ವೆಚ್ಚಮಾಡಿ ಉಳಿದುದನ್ನು ಬಡವರಿಗೂ ವಿದ್ವಾಂಸರಿಗೂ ಕೊಡುತ್ತಿದ್ದನೆಂದು ಫೆರಿಷ್ತಾ ಹೇಳುವನು. ಎರಡು ಮಾತುಗಳನ್ನೂ ನಂಬಬಹುದು. ಒಳ್ಳೆಯ ಮಂತ್ರಿಯ ಒಳ್ಳೆಯ ಕಟ್ಟಡವು ರೈತನ ಮಗನಿಗೆ ಬಾಗಿಲು ತೆರೆದಿತ್ತೇ ಎಂಬ ಪ್ರಶ್ನೆ ಇದರಿಂದ ಮುಗಿಯದು. ಪಾಠವು ಅರಬ್ಬೀ, ಪಾರಸೀ ಭಾಷೆಗಳಲ್ಲಿ ನಡೆಯುತ್ತಿದ್ದ ಕಾರಣ, ಕನ್ನಡವನ್ನೋ ಮರಾಠಿಯನ್ನೋ ಆಡುತ್ತಿದ್ದ ಸುತ್ತಣ ಹಳ್ಳಿಗಳಿಗೆ ಆ ಬಾಗಿಲು ಬಲು ದೂರದ್ದೆಂದೇ ಭಾವಿಸಬೇಕಾಗಿದೆ.

ಮದರಸಾ ಮುಗಿದು ಹತ್ತು ವರ್ಷ ತುಂಬುವ ಮೊದಲೇ, 1481ರ ಏಪ್ರಿಲ್ ತಿಂಗಳಲ್ಲಿ, ಗವಾನನು ಹತನಾದನು. ವಿರೋಧಿಗಳು ಅವನ ಮುದ್ರೆಯನ್ನು ಮೋಸದಿಂದ ಒತ್ತಿಸಿಕೊಂಡು ಸುಳ್ಳು ಪತ್ರವನ್ನು ಸೃಷ್ಟಿಸಿದರು. ಸುಲ್ತಾನನು ಅದನ್ನು ನಂಬಿದನು. ಗದ್ಯರಚನೆಯನ್ನು ಕಲಿಸಿದವನ ಪ್ರಾಣವನ್ನು ಒಂದು ಕೃತಕ ಪತ್ರವು ಕೊಂಡಿತು. ಕಟ್ಟಡ ಮಾತ್ರ ಅವನೊಡನೆ ಬೀಳಲಿಲ್ಲ. ಹದಿನೇಳನೆಯ ಶತಮಾನದ ಮೊದಲಲ್ಲಿಯೂ ಅದು ಹೊಸದರಂತೆ ನಿಂತಿದ್ದಿತೆಂದು ಫೆರಿಷ್ತಾನ ಮಾತಿನಿಂದ ತಿಳಿದುಬರುತ್ತದೆ.

ಅದರ ಕೆಡುಕು ಉಪಯೋಗದ ಬದಲಾವಣೆಯಿಂದ ಬಂದಿತು. ಔರಂಗಜೇಬನು 1657ರಲ್ಲಿ ಬೀದರನ್ನು ಗೆದ್ದನು. ಆ ಮುತ್ತಿಗೆಯಲ್ಲಿಯೇ ಮದ್ದು ಸಿಡಿದು ಕೋಟೆಯ ರಕ್ಷಕ ಸಿದ್ದಿ ಮರ್ಜಾನನು ಮಾರಣಾಂತಿಕವಾಗಿ ಗಾಯಗೊಂಡಿದ್ದನು. ಆದರೂ ಪಾಠ ಕಲಿತವರಿಲ್ಲ. ಮುಂದೆ ಮದರಸಾ ಕುದುರೆಸವಾರರ ಬಿಡಾರವಾಯಿತು, ಕೆಲವು ಕೋಣೆಗಳಲ್ಲಿ ತೋಪಿನ ಮದ್ದನ್ನು ತುಂಬಿದರು. 1695-96ರ ಸುಮಾರಿಗೆ ಸಿಡಿಲು ಹೊಡೆದು ಆ ಮದ್ದು ಸ್ಫೋಟಿಸಲು, ಆಗ್ನೇಯ ಭಾಗವೂ ಅಲ್ಲಿಯ ಮಿನಾರೂ ಕುಸಿದುಬಿದ್ದುವು. ಇದನ್ನು ದೈವಾಘಾತವೆಂದು ಬರೆಯುವವರುಂಟು. ಸಿಡಿಲು ದೈವದ್ದಾಗಿರಬಹುದು, ಮದ್ದನ್ನು ಒಳಗೆ ಇಟ್ಟವರು ಮನುಷ್ಯರು.

ಕಟ್ಟಡವಿದ್ದೂ ಅದರ ಧರ್ಮ ತಪ್ಪುವುದಕ್ಕೆ ಇದು ನಿದರ್ಶನವಾದರೆ, ಹೇಳಿಕೊಳ್ಳುವಂತಹ ಕಟ್ಟಡವಿಲ್ಲದೆಯೇ ಆ ಧರ್ಮ ನಡೆದುದಕ್ಕೆ ಭಾಲ್ಕಿಯಲ್ಲಿ ಸಾಕ್ಷ್ಯವಿದೆ. ಕಮಲನಗರದಲ್ಲಿ ಜನಿಸಿ ಭಾಲ್ಕಿಯ ಹಿರೇಮಠದ ಪೀಠಾಧಿಪತಿಗಳಾದ ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಆಳ್ವಿಕೆಯಲ್ಲಿ, ಕನ್ನಡ ಶಾಲೆಗೆ ಅನುಕೂಲವಿಲ್ಲದ ಕಾಲದಲ್ಲಿ, ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಗಡಿಯ ಹಳ್ಳಿಗಳ ಬಡ ಮಕ್ಕಳಿಗೆ ಅಲ್ಲಿ ಅನ್ನವೂ ಅಕ್ಷರವೂ ದೊರೆತುವು. ಆ ಶಾಲೆಯ ಮುಖದಲ್ಲಿ ಬಿಲ್ಲೆಗಳಿರಲಿಲ್ಲ. ಇದ್ದ ಒಂದು ಫಲಕವೂ ಒಳಗಿನ ಕೆಲಸವನ್ನು ಮರೆಮಾಡುವುದಕ್ಕಾಗಿತ್ತು. ಕಟ್ಟಡದ ಮುಖವನ್ನು ನೋಡಿ ಅದರ ಉಪಯೋಗವನ್ನು ಊಹಿಸುವ ವಾಸ್ತುಚರಿತ್ರಕಾರನು ಇಲ್ಲಿ ಪೂರ್ತಿಯಾಗಿ ಮೋಸಹೋಗುತ್ತಿದ್ದನು. ಆ ಮಕ್ಕಳ ಬಾಯಿಂದ ಬಂದ ನೆನಪುಗಳನ್ನು ಬರೆದಿಡುವ ಕೆಲಸವೂ ವಾಸ್ತುಚರಿತ್ರೆಯ ಭಾಗವೇ ಎಂದು ನಮ್ಮ ಅಭಿಪ್ರಾಯ.

ವಿಶ್ವ ಸ್ಮಾರಕ ನಿಧಿಯು ತನ್ನ 2014ರ ಕಾವಲುಪಟ್ಟಿಯಲ್ಲಿ ಬೀದರಿನ ಐತಿಹಾಸಿಕ ನಗರವನ್ನು ಸೇರಿಸಿದಂದಿನಿಂದ ಅಲ್ಲಿಗೆ ಹೊರಗಿನವರ ಗಮನ ಹೆಚ್ಚಾಗಿದೆ. ನೌಬಾದಿನ ನೆಲದಡಿಯ ಕಾಲುವೆಯಾದ ಕರೇಜಿನ ಶೋಧವೂ ಇದಕ್ಕೆ ಕಾರಣವಾಯಿತು. ಮುಖವೇ ಇಲ್ಲದ ಆ ಸಾರ್ವಜನಿಕ ನಿರ್ಮಾಣಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಮದರಸಾಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವ ಉಪಾಧ್ಯಾಯರು ಅವರನ್ನು ಮೊದಲು ಮಿನಾರಿನ ಬಳಿ ನಿಲ್ಲಿಸುವುದು ರೂಢಿ. ಅದಕ್ಕೆ ಬದಲಾಗಿ ಆಗ್ನೇಯದ ಒಡೆದ ಮೂಲೆಯಿಂದ ಪ್ರಾರಂಭಿಸಬಹುದು. ಸ್ಫೋಟವು ಅಲ್ಲಿ ಕಟ್ಟಡವನ್ನು ನಕ್ಷೆಗಾರನ ಛೇದಚಿತ್ರದಂತೆ ಸೀಳಿಟ್ಟಿದೆ: ಗೋಡೆಯ ದಪ್ಪ, ಕಮಾನಿನ ಮೇಲೆ ಕಮಾನು, ಒಂದರ ಮೇಲೊಂದು ಕುಳಿತ ಕೊಠಡಿಗಳು ಬಯಲಿಗೆ ಕಾಣುವುವು. ಬಳಿಕ ಪಶ್ಚಿಮದ ಉಳಿದ ಕೊಠಡಿಯೊಂದರ ಅಳತೆ ತೆಗೆದು, ಅದರಲ್ಲಿ ಎಷ್ಟು ಜನರು ಚಾಪೆ ಹಾಸಿ ಮಲಗಬಹುದೆಂದು ಅವರೇ ಮಲಗಿ ನೋಡಲಿ. 108 ಎಂಬ ನಮ್ಮ ಲೆಕ್ಕ ಹೆಚ್ಚಾಯಿತೋ ಕಡಿಮೆಯಾಯಿತೋ ಅಲ್ಲಿಯೇ ತಿಳಿಯುವುದು.